ಎಂಟು ಕಿಲೋ ಜೋಳ ಹೊತ್ತು ಉಚ್ಚಂಗಿದುರ್ಗ ಹತ್ತಿದ್ದು

ಬೆನ್ನ ಮೇಲೆ ಎಂಟು ಕಿಲೋ ಬಿಳಿಜೋಳ ಹೊತ್ತುಕೊಂಡು ಬೆಟ್ಟ ಹತ್ತುವ ಹೆಂಗಸನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಹೋದ ಕಾರ್ತಿಕದ ಒಂದು ಶನಿವಾರ ಉಚ್ಚಂಗಿದುರ್ಗಕ್ಕೆ ಬಂದ ಭಕ್ತರೆಲ್ಲ ಕಂಡರು. "ಹರಕೆ ಏನ್ರೀ ಅಕ್ಕಾರ?" ಎಂದು ಒಬ್ಬಾಕೆ ಕೇಳಿಯೂ ಬಿಟ್ಟಳು. "ಹರಕೆ ಅಲ್ಲವ್ವಾ, ಚೀಲದ ಪರೀಕ್ಷೆ" ಎಂದೆ. ಆಕೆ ನನ್ನ ಮುಖ ಒಮ್ಮೆ, ನನ್ನ ಮಗಳ ಮುಖ ಒಮ್ಮೆ ನೋಡಿದಳು. ಪಾಪ ಅನ್ನಿಸಿರಬೇಕು, ಮಾತಾಡದೆ ಮುಂದೆ ಹೋದಳು.

ಹೀಗೇಕೆ ಮಾಡಬೇಕಾಯಿತು ಎಂಬುದನ್ನು ಮೊದಲಿನಿಂದ ಹೇಳುತ್ತೇನೆ ಕೇಳಿ.

ನಮ್ಮದು ಹರಪನಹಳ್ಳಿ. 1997ರಲ್ಲಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ, ಆಮೇಲೆ ಮತ್ತೆ ಬಳ್ಳಾರಿಗೆ, 2021ರಲ್ಲಿ ಹೊಸದಾದ ವಿಜಯನಗರ ಜಿಲ್ಲೆಗೆ, ಹೀಗೆ ಕೂತಲ್ಲಿಯೇ ಊರೂರು ತಿರುಗಿದ ತಾಲ್ಲೂಕು ನಮ್ಮದು. ನನ್ನ ಮಗಳು ದಾವಣಗೆರೆಯಲ್ಲಿ ಓದುತ್ತಾಳೆ. ಅವಳಿಗೆ ಬಂಡೆ ಹತ್ತುವ ಹುಚ್ಚು. ನಾನು ಚಿಕ್ಕವಳಿದ್ದಾಗ ಹುಣಸೆಮರ ಹತ್ತಿದರೂ ನಮ್ಮಜ್ಜಿ ಕಸಬರಿಗೆ ಹಿಡಿದು ಬರುತ್ತಿದ್ದಳು. ಈಗ ಹಗ್ಗ ಕಟ್ಟಿ, ಸೊಂಟಕ್ಕೆ ಪಟ್ಟಿ ಹಾಕಿ, ತಲೆಗೆ ಹೆಲ್ಮೆಟ್ ತೊಡಿಸಿ ಕಲಿಸುವವರೇ ಇದ್ದಾರೆ. ಬೆಂಗಳೂರಿನಲ್ಲಿ ಸರ್ಕಾರದ್ದೇ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಇದೆ. ಚಿತ್ರದುರ್ಗದ ಕೋಟೆಗೋಡೆಯನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್ ಅವರ ಹೆಸರು ನಮ್ಮ ಕಡೆ ಕೇಳದವರಿಲ್ಲ. ಮಗಳಿಗೆ ನಾನು ಹೇಳಿರುವುದು ಒಂದೇ: ಅವರನ್ನು ನೋಡಿ ಕೈ ಮುಗಿ, ನೀನು ಮಾತ್ರ ಹಗ್ಗ ಕಟ್ಟಿಕೊ.

ಹಂಪಿ, ಆನೆಗೊಂದಿ, ರಾಮನಗರದಲ್ಲಿ ಗ್ರಾನೈಟ್ ಬಂಡೆ. ಬಾದಾಮಿಯಲ್ಲಿ ಕೆಂಪು ಮರಳುಗಲ್ಲು. ಚಳಿಗಾಲ ಬಂತೆಂದರೆ ದೇಶವಿದೇಶದ ಹುಡುಗ ಹುಡುಗಿಯರು ಈ ಕಲ್ಲುಗಳಿಗೆ ಬರುತ್ತಾರೆ. ಹಂಪಿಯ ಕಡೆ ಕೆಲವರು ಹಗ್ಗವಿಲ್ಲದೆ ಸಣ್ಣ ಗುಂಡುಗಳನ್ನು ಹತ್ತುತ್ತಾರೆ. ಬಿದ್ದರೆ ಪೆಟ್ಟಾಗದಿರಲೆಂದು ಒಂದು ದಪ್ಪ ಗಾದಿಯನ್ನು ಮಡಿಸಿ ಬೆನ್ನಿಗೆ ಹೊತ್ತು ತಿರುಗುತ್ತಾರೆ. ಮೊದಲ ಸಲ ನೋಡಿದಾಗ ನಾನು ಮನೆ ಖಾಲಿ ಮಾಡಿಕೊಂಡು ಹೊರಟಿದ್ದಾರೆಂದೇ ತಿಳಿದೆ!

ಎರಡು ವರ್ಷದ ಹಿಂದೆ ಆನೆಗೊಂದಿಗೆ ಹೋದ ಮಗಳು ಬಲಗೈಗೆ ಪಟ್ಟು ಹಾಕಿಸಿಕೊಂಡು ಮನೆಗೆ ಬಂದಳು. ಮಣಿಕಟ್ಟಿನ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರ್. ಒಂದು ಪರೀಕ್ಷೆಯೂ ಹೋಯಿತು. ಬಂಡೆ ಹತ್ತುವಾಗ ಬಿದ್ದದ್ದಲ್ಲ. ಎಲ್ಲ ಮುಗಿಸಿ ಕಲ್ಲುಗಳ ಸಂದಿಯಲ್ಲಿ ಇಳಿದು ಬರುತ್ತಿದ್ದಾಗ ಬೆನ್ನಿನ ಚೀಲದ ಪಟ್ಟಿ ಕಿತ್ತುಕೊಂಡಿತು. ಚೀಲ ಜಾರಿತು, ಹಿಡಿಯಲು ಹೋಗಿ ಇವಳೂ ಜಾರಿದಳು. "ಇನ್ನು ಬಂಡೆ ಗಿಂಡೆ ಎಲ್ಲ ಸಾಕು" ಎಂದು ನನ್ನ ಯಜಮಾನರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಮಗಳು ಉಣ್ಣಲಿಲ್ಲ, ಅಳಲೂ ಇಲ್ಲ. ಅಳದ ಮಕ್ಕಳನ್ನು ಸಮಾಧಾನ ಮಾಡುವುದು ಬಹಳ ಕಷ್ಟ, ಅಲ್ಲವೇ?

ಆ ಚೀಲವನ್ನು ಎಸೆಯಲು ನನಗೆ ಮನಸ್ಸಾಗಲಿಲ್ಲ. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಒಳಮೈ ಹೊರಗೆ ಮಾಡಿ ನೋಡಿದೆ. ನಾನು ಇಪ್ಪತ್ತು ವರ್ಷದಿಂದ ಮನೆಯಲ್ಲೇ ರವಿಕೆ ಹೊಲಿಯುವವಳು. ನೋಡಿದ ಕೂಡಲೇ ಗೊತ್ತಾಯಿತು. ಹೊಲಿಗೆಯ ಅಂಚಿಗೆ ಕಾಲು ಇಂಚು ಬಟ್ಟೆಯನ್ನೂ ಬಿಟ್ಟಿರಲಿಲ್ಲ. ಅಂಚು ಎಳೆ ಬಿಟ್ಟಿತ್ತು. ಭುಜದ ಪಟ್ಟಿಯನ್ನು ಒಂದೇ ಸಾಲು ಹೊಲಿಗೆಯಲ್ಲಿ ಸಿಕ್ಕಿಸಿದ್ದರು. ಅಂಥ ಹೊಲಿಗೆ ಹಾಕಿದ ರವಿಕೆಯನ್ನು ನಾನು ಪಕ್ಕದ ಮನೆಯವರಿಗೂ ಕೊಡುವುದಿಲ್ಲ. ಸಂಜೆ ಇವರ ಮುಂದೆ ಚೀಲ ಇಟ್ಟು, "ನೋಡ್ರೀ, ತಪ್ಪು ಬಂಡೆಯದೂ ಅಲ್ಲ, ಮಗಳದೂ ಅಲ್ಲ" ಎಂದೆ. ಬಹಳ ಹೊತ್ತು ತಿರುಗಿಸಿ ನೋಡಿ, "ಹಾಗಾದರೆ ಹರಿಯದ ಚೀಲ ತಂದು ತೋರಿಸು, ಆಮೇಲೆ ಬಾದಾಮಿ ಮಾತು" ಎಂದರು. ಒಪ್ಪಿದರು ಎಂದೇ ನಾನು ಅರ್ಥ ಮಾಡಿಕೊಂಡೆ. ಆದರೂ ಅದಕ್ಕೆ ಒಂದು ವರ್ಷದ ಚೀಟಿ ದುಡ್ಡು ಕೂಡಬೇಕಾಯಿತು.

ದಾವಣಗೆರೆಗೆ ಹೋಗುವ ಮೊದಲು ಮನೆಯಲ್ಲೇ ಎರಡು ಕೆಲಸ ಮಾಡಿದೆವು. ಒಂದು, ತೂಕ. 60 ಮೀಟರಿನ ಹಗ್ಗ ಒಂದೇ ಸುಮಾರು 4 ಕಿಲೋ ತೂಗುತ್ತದೆ. ಸೊಂಟಪಟ್ಟಿ, ಬೂಟು, ಹೆಲ್ಮೆಟ್, ಕೊಕ್ಕೆಗಳು ಸೇರಿ ಮೂರು ಕಿಲೋದ ಹತ್ತಿರ. ನೀರು 2 ಲೀಟರ್ ಎಂದರೆ 2 ಕಿಲೋ. ಬುತ್ತಿ ಒಂದು ಕಿಲೋ. ಚೀಲದ ಸ್ವಂತ ಭಾರ ಒಂದೂವರೆ. ಒಟ್ಟು 11 ಕಿಲೋ ಮೀರುತ್ತದೆ. ಬೆನ್ನ ಭಾರ ನಮ್ಮ ಮೈತೂಕದ ಐದನೇ ಒಂದು ಭಾಗ, ಹೆಚ್ಚೆಂದರೆ ನಾಲ್ಕನೇ ಒಂದು ಭಾಗ ಮೀರಬಾರದಂತೆ. ಮಗಳ ತೂಕ 48. ಅಂದರೆ ಹೆಚ್ಚೂಕಡಿಮೆ ಅವಳು ಹೊರಬಹುದಾದಷ್ಟೇ. ಇಂಥ ಒಂದು ದಿನದ ಹತ್ತುವಿಕೆಗೆ 35ರಿಂದ 40 ಲೀಟರಿನ ಚೀಲ ಸಾಕು. ದೊಡ್ಡದು ತಂದರೆ ತುಂಬಿಸದೆ ಇರಲು ನಮ್ಮಿಂದಾಗುತ್ತದೆಯೇ? ಖಾಲಿ ಡಬ್ಬಿ ಕಂಡರೆ ಏನಾದರೂ ಹಾಕಿಡುವ ಜಾತಿ ನಮ್ಮದು!

ಎರಡನೆಯದು, ಬೆನ್ನಿನ ಅಳತೆ. ಇದನ್ನು ಅಂಗಡಿಯವರು ಕೇಳುವುದೇ ಇಲ್ಲ. ತಲೆ ಬಗ್ಗಿಸಿದರೆ ಕತ್ತಿನ ಹಿಂದೆ ಒಂದು ಮೂಳೆ ಉಬ್ಬಿ ಕಾಣುತ್ತದೆ. ಅಲ್ಲಿಂದ, ಸೊಂಟದ ಮೂಳೆಯ ಮೇಲಂಚಿಗೆ ಸರಿಯಾಗಿ ಬೆನ್ನಿನ ನಡುವಿನವರೆಗೆ ಟೇಪು ಹಿಡಿಯಿರಿ. ಮಗಳದು 16 ಇಂಚು, ನನ್ನದು 17. ಎತ್ತರದ ಹುಡುಗರಿಗೆ ಮಾಡಿದ ಚೀಲ ಹಾಕಿದರೆ ಸೊಂಟದ ಪಟ್ಟಿ ಸೊಂಟಕ್ಕೆ ಕೂರದೆ ಕೆಳಗೆ ಜೋಲುತ್ತದೆ, ಎಲ್ಲ ಭಾರವೂ ಭುಜಕ್ಕೇ ಬೀಳುತ್ತದೆ.

ಅಂಗಡಿಯವರು ಮೊದಲು ತೋರಿಸಿದ್ದೆಲ್ಲ ಥಳಥಳ ಹೊಳೆಯುವ, ಹತ್ತು ಜೇಬಿನ ಚೀಲಗಳು. ಜೇಬು ಹೆಚ್ಚಾದಷ್ಟೂ ಕಲ್ಲಿಗೆ ಸಿಕ್ಕಿಕೊಳ್ಳುವ ಜಾಗ ಹೆಚ್ಚು. ನಾನು ಒಂದೊಂದನ್ನೂ ಒಳಮೈ ಹೊರಗೆ ಮಾಡತೊಡಗಿದೆ. "ಅಮ್ಮಾ, ಚೀಲ ಹೊರಗಡೆಯಿಂದ ನೋಡೋದು" ಎಂದ ಹುಡುಗ. "ಸೊಸೆ ನೋಡುವಾಗ ಹಾಗೇ ನೋಡು ತಮ್ಮಾ, ಚೀಲ ಹೀಗೇ ನೋಡಬೇಕು" ಎಂದೆ. ಮಾಲೀಕರು ನಕ್ಕು, ಒಳಗಿನಿಂದ ಬೇರೆ ಮಾಲು ತರಿಸಿದರು.

ಬಟ್ಟೆಯ ವಿಷಯಕ್ಕೆ ಬರೋಣ. ಚೀಲದ ಚೀಟಿಯ ಮೇಲೆ 420, 600, 1000 ಎಂದು ಡೆನಿಯರ್ ಲೆಕ್ಕ ಬರೆದಿರುತ್ತಾರೆ. ಆ ನೂಲನ್ನು 9000 ಮೀಟರ್ ಉದ್ದ ಎಳೆದರೆ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಆ ಲೆಕ್ಕ. ಅಂಕಿ ಹೆಚ್ಚಾದರೆ ನೂಲು ದಪ್ಪ. ಆದರೆ ಅಂಕಿಯೊಂದನ್ನೇ ನಂಬಬೇಡಿ. ಅದೇ ಅಂಕಿಯ ಪಾಲಿಯೆಸ್ಟರಿಗಿಂತ ನೈಲಾನ್ ಉಜ್ಜಾಟ ಹೆಚ್ಚು ತಾಳುತ್ತದೆ. ಮೈಗೆ 400ರ ಆಸುಪಾಸಿನದಾದರೂ ನಡೆದೀತು, ತಳ ಮಾತ್ರ ದಪ್ಪವಿರಬೇಕು, ಎರಡು ಪದರವಾದರೆ ಇನ್ನೂ ಒಳ್ಳೆಯದು. ನಮ್ಮ ಕಡೆಯ ಗ್ರಾನೈಟ್ ಹೊಸದಾಗಿ ಕುಟ್ಟಿಸಿದ ಒರಳಿನ ಹಾಗೆ, ಮುಟ್ಟಿದ್ದನ್ನೆಲ್ಲ ತರಿಯುತ್ತದೆ.

ಪಟ್ಟಿಗಳು ಮೈಗೆ ಸೇರುವ ಕಡೆ ಚೌಕ ಹೊಲಿದು, ಅದರೊಳಗೆ ಮೂಲೆಯಿಂದ ಮೂಲೆಗೆ ಕತ್ತರಿ ಹೊಲಿಗೆ ಇರಬೇಕು. ಇಲ್ಲವೇ ಕಾಜಾದ ತುದಿಗೆ ಹಾಕುತ್ತೇವಲ್ಲ, ಹಾಗೆ ಒತ್ತೊತ್ತಾದ ಅಡ್ಡ ಹೊಲಿಗೆಯಾದರೂ ಇರಬೇಕು. ಒಳ ಅಂಚಿಗೆಲ್ಲ ಪಟ್ಟಿ ಮಡಿಸಿ ಹೊಲಿದಿರಬೇಕು. ಜಿಪ್ಪು ಮೊದಲು ಕೈ ಕೊಡುವುದು ಮೂಲೆ ತಿರುಗುವಲ್ಲಿ. ಅಲ್ಲಿ ಹತ್ತು ಸಲ ಎಳೆದು ನೋಡಿ. ನಾವು ಕೊನೆಗೆ ಆರಿಸಿದ್ದು ಬಾಯಿಗೆ ಜಿಪ್ಪೇ ಇಲ್ಲದ ಚೀಲ. ನಮ್ಮಜ್ಜಿಯ ಎಲೆಅಡಿಕೆ ಸಂಚಿಯ ಹಾಗೆ ದಾರ ಎಳೆದರೆ ಬಾಯಿ ಮುಚ್ಚುತ್ತದೆ, ಮೇಲೆ ಒಂದು ಮುಚ್ಚಳ. ಕೆಡಲು ಏನೂ ಇಲ್ಲ. 3,500 ರೂಪಾಯಿ ಎಣಿಸಿಕೊಟ್ಟೆ. ಚೀಟಿ ಎತ್ತಿದ ದುಡ್ಡು ಅಲ್ಲಿಗೆ ಮುಗಿಯಿತು.

ಇಷ್ಟಾದರೂ ಇವರಿಗೆ ತೋರಿಸಬೇಕಲ್ಲ? ಅದಕ್ಕೇ ಉಚ್ಚಂಗಿದುರ್ಗ.

ಹರಪನಹಳ್ಳಿಯಿಂದ ದಾವಣಗೆರೆಯ ಕಡೆಗೆ ಹೋಗುವಾಗ ಸಿಗುವ ಈ ಕಲ್ಲುಬೆಟ್ಟ ನಿಮ್ಮಲ್ಲಿ ಹಲವರ ಮನೆದೇವರ ಜಾಗವೇ ಇದ್ದೀತು. ಉಚ್ಚಂಗಿಯ ಪಾಂಡ್ಯರು ಇಲ್ಲಿದ್ದು ಆಳಿದರು. ಹನ್ನೆರಡನೇ ಶತಮಾನದಲ್ಲಿ ಹೊಯ್ಸಳರ ವೀರಬಲ್ಲಾಳ ಈ ಕೋಟೆ ಗೆದ್ದು 'ಗಿರಿದುರ್ಗಮಲ್ಲ' ಎನಿಸಿಕೊಂಡ. ಗೆದ್ದದ್ದು ಶನಿವಾರವಾದ್ದರಿಂದ 'ಶನಿವಾರಸಿದ್ಧಿ' ಎಂಬ ಬಿರುದೂ ಬಂತು. ನಾವು ಹೋದದ್ದೂ ಶನಿವಾರವೇ. ಬೇಕೆಂದು ಆರಿಸಿದ್ದಲ್ಲ, ಮಗಳಿಗೆ ಅವತ್ತೇ ರಜೆ.

ಬೆಟ್ಟದ ಮೇಲೆ ಉಚ್ಚಂಗೆಮ್ಮನ ಗುಡಿ. ಹುಣ್ಣಿಮೆಗೆ, ಅದರಲ್ಲೂ ಭರತ ಹುಣ್ಣಿಮೆಗೆ, ಜನ ಜಾತ್ರೆಯಾಗಿ ಸೇರುತ್ತಾರೆ. ಬಡವರ ಮನೆಯ ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸಲು ಈ ಮೆಟ್ಟಿಲುಗಳ ಮೇಲೆ ಕರೆತರುತ್ತಿದ್ದ ಕಾಲವೊಂದಿತ್ತು. 1982ರಲ್ಲಿ ಅದನ್ನು ತಡೆಯುವ ಕಾನೂನು ಬಂತು. ಆ ಮಕ್ಕಳಿಗೆ ನೀನು ಎಲ್ಲಿಗೆ ಹೋಗಬೇಕೆಂದಿದ್ದೀಯೆ ಎಂದು ಯಾರೂ ಕೇಳಿರಲಾರರು. ಮೆಟ್ಟಿಲು ಹತ್ತುವಾಗ ನನಗೆ ಇದು ಮತ್ತೆ ಮತ್ತೆ ನೆನಪಾಯಿತು. ಮಗಳಿಗೆ ಹೇಳಲಿಲ್ಲ.

ಎರಡು ಬಟ್ಟೆಯ ಗಂಟಿನಲ್ಲಿ ನಾಲ್ಕು ನಾಲ್ಕು ಕಿಲೋ ಜೋಳ, 2 ಲೀಟರ್ ನೀರು. ಮೊದಲ ಅರ್ಧ ಅವಳು ಹೊತ್ತಳು, ಉಳಿದರ್ಧ ನಾನು. ಐವತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ನನ್ನ ಭುಜ ಕಿತ್ತುಹೋಗುವಂತಾಯಿತು. "ಅವ್ವಾ, ನಿಲ್ಲು" ಎಂದು ಮಗಳು ಎಲ್ಲ ಪಟ್ಟಿ ಸಡಿಲ ಮಾಡಿ, ಮೊದಲು ಸೊಂಟದ್ದನ್ನು ಮೂಳೆಯ ಮೇಲೆ ಬಿಗಿದಳು, ಆಮೇಲೆ ಭುಜದ್ದು, ಕೊನೆಗೆ ಎದೆಯದು. ಸೋದರಿಯರೇ, ಏನು ಹೇಳಲಿ! ಭಾರ ಅರ್ಧಕ್ಕರ್ಧ ಇಳಿದುಹೋದಂತಾಯಿತು. ಆಮೇಲೆ ಹೊಳೆಯಿತು, ಸೊಂಟದ ಮೇಲೆ ಕೊಡ ಇಟ್ಟು ನೀರು ತಂದವರು, ಮಗುವನ್ನು ಎತ್ತಿಕೊಂಡೇ ರೊಟ್ಟಿ ಬಡಿದವರು ನಾವು. ನಮಗೆ ಇದು ಹೊಸತೇ?

ಜೋಡಿಸುವ ಕ್ರಮವೂ ಅಷ್ಟೇ ಮುಖ್ಯ. ಮೊದಲು ಜೋಳದ ಗಂಟು ಹೊರಮೈಯ ಕಡೆ ಇದ್ದು ಹಿಂದಕ್ಕೆ ಜಗ್ಗುತ್ತಿತ್ತು. ತೆಗೆದು ಬೆನ್ನಿಗೆ ಒತ್ತಿದಂತೆ, ನಡುಮಟ್ಟದಲ್ಲಿ ಇಟ್ಟ ಮೇಲೆ ನೆಟ್ಟಗೆ ನಡೆದೆ. ಹಗ್ಗವನ್ನೂ ಹೀಗೆಯೇ ಇಡಬೇಕಂತೆ.

ಮೇಲೆ ಹೋದ ಮೇಲೆ ಮಗಳು ಚೀಲವನ್ನು ಬರಿಗಲ್ಲಿನ ಮೇಲೆ ಹತ್ತು ಸಲ ದರದರ ಎಳೆದಳು. ನನಗೆ ಜೀವ ಹೋದಂತಾಯಿತು, ಹೊಸ ಚೀಲ! ತಳ ಬೆಳ್ಳಗಾಯಿತು, ಎಳೆ ಕಿತ್ತು ಬರಲಿಲ್ಲ. ಆದರೆ ಎದೆಪಟ್ಟಿಯ ಒಂದು ಕಡೆ ದಾರದ ತುದಿ ಬಿಚ್ಚಿತ್ತು. ಊರಿಗೆ ಬಂದ ಮೇಲೆ ಚಪ್ಪಲಿ ಹೊಲಿಯುವವರ ಹತ್ತಿರ ಕೂತು, ಮೇಣ ಸವರಿದ ದಾರದಲ್ಲಿ ಅದನ್ನೂ, ಭುಜದ ಎರಡೂ ಪಟ್ಟಿಯ ಬುಡವನ್ನೂ ಮತ್ತೊಮ್ಮೆ ಹೊಲಿಸಿದೆ. ನಲವತ್ತು ರೂಪಾಯಿ. 3,500ರಲ್ಲಿ ಇಲ್ಲದ ನಂಬಿಕೆ ನನಗೆ ಆ ನಲವತ್ತರಲ್ಲಿ ಬಂತು.

ನಿಮ್ಮ ಮಕ್ಕಳೂ ಹೀಗೆ ಹೋಗುವವರಾದರೆ ಇನ್ನೂ ಕೆಲವು ಮಾತು. ಚೀಲದ ಮೇಲಿರುವ ಹಿಡಿಕೆ ಚೀಲ ಎತ್ತಲು ಮಾತ್ರ, ಅದಕ್ಕೆ ಮನುಷ್ಯರು ಜೀವ ಕಟ್ಟಬಾರದು. ಒದ್ದೆ ಚೀಲ ಮಡಿಸಿಟ್ಟರೆ ಒಳಗಿನ ಲೇಪ ಅಂಟಂಟಾಗಿ ಸುಲಿಯುತ್ತದೆ. ಸೋಪಿನ ಬೆಚ್ಚನೆ ನೀರಲ್ಲಿ ಮೆತ್ತನೆಯ ಬ್ರಷ್‌ನಿಂದ ಉಜ್ಜಿ ನೆರಳಲ್ಲಿ ಒಣಗಿಸಿ. ಮೆಷಿನ್ನೂ ಬೇಡ, ಬಿಸಿಲೂ ಬೇಡ. ಬಿಸಿಲಿಗೆ ನೈಲಾನ್ ಸೊರಗುತ್ತದೆ. ಎಲ್ಲಕ್ಕಿಂತ ಮುಖ್ಯ, ಹಗ್ಗ ಇರುವ ಚೀಲವನ್ನು ಇನ್ವರ್ಟರ್ ಬ್ಯಾಟರಿಯ ಪಕ್ಕ ಇಡಲೇಬೇಡಿ. ಆಸಿಡ್ ತಾಕಿದರೆ, ಅದರ ಆವಿ ತಾಕಿದರೂ, ಹಗ್ಗ ಮೇಲೆ ಚೆನ್ನಾಗಿಯೇ ಕಾಣುತ್ತಾ ಒಳಗೆ ಸತ್ತಿರುತ್ತದೆ. ನಮ್ಮ ಮನೆಯಲ್ಲಿ ಅದು ಇದ್ದದ್ದು ಅಲ್ಲೇ, ಮೆಟ್ಟಿಲ ಕೆಳಗೆ! ಗೊತ್ತಾದ ದಿನವೇ ಜಾಗ ಬದಲಾಯಿಸಿದೆ. ಹಗ್ಗದ ಗತಿ ಏನೆಂದು ಅವರ ಗುರುಗಳನ್ನು ಕೇಳಿದ್ದಕ್ಕೆ, ಅನುಮಾನ ಬಂದ ಹಗ್ಗ ಹಗ್ಗವೇ ಅಲ್ಲ ಎಂದರಂತೆ. ಈಗ ಅದರ ಮೇಲೆ ನಮ್ಮ ಬಟ್ಟೆ ಒಣಗುತ್ತವೆ.

ಬುತ್ತಿಗೆ ಸಜ್ಜೆಯ ಕಟಕು ರೊಟ್ಟಿ, ಶೇಂಗಾ ಚಟ್ನಿಪುಡಿ, ಮಾದಲಿ. ಮೂರೂ ಕೆಡುವುದಿಲ್ಲ, ಸೋರುವುದಿಲ್ಲ. ರೊಟ್ಟಿಯನ್ನು ಅಗಲವಾದ ಡಬ್ಬಿಯಲ್ಲಿ ಹಾಕಿ ಎಲ್ಲದರ ಮೇಲೆ ಇಡಿ, ಇಲ್ಲವಾದರೆ ಬಾದಾಮಿ ತಲುಪುವಷ್ಟರಲ್ಲಿ ನುಚ್ಚಾಗಿರುತ್ತದೆ.

ಮಾರ್ಗಶಿರದಲ್ಲಿ ಅವಳು ಬಾದಾಮಿಗೆ ಹೊರಟಳು. ಹಿಂದಿನ ರಾತ್ರಿ ಇವರು ಯಾರಿಗೂ ಹೇಳದೆ ಚೀಲವನ್ನು ಬಾಗಿಲ ಮೊಳೆಗೆ ತೂಗುಹಾಕಿ, ಎರಡೂ ಪಟ್ಟಿ ಹಿಡಿದು ಜಗ್ಗಿ ಜಗ್ಗಿ ನೋಡುತ್ತಿದ್ದುದನ್ನು ಅಡಿಗೆಮನೆಯಿಂದಲೇ ಕಂಡೆ. ಚೀಲ ಉಳಿಯಿತು, ಮೊಳೆ ಕಿತ್ತು ಬಂತು. ಬೆಳಗಿನ ಜಾವ ಬಸ್ ಸ್ಟ್ಯಾಂಡಿಗೆ ಹೊರಟಾಗ, "ಕೊಡು ಇಲ್ಲಿ" ಎಂದು ತಾವೇ ಬೆನ್ನಿಗೇರಿಸಿಕೊಂಡು ಮುಂದೆ ನಡೆದರು. ಸೊಂಟದ ಪಟ್ಟಿ ಬಿಗಿದುಕೊಳ್ಳಿ ಎಂದು ಮಗಳು ಎಷ್ಟು ಹೇಳಿದರೂ ಕೇಳಲಿಲ್ಲ.