ಎರೆ ಸಿಗುವ ಜಾಗ

ಮುಂಬಯಿಯಲ್ಲಿ ದುಡ್ಡು ಕೊಟ್ಟರೆ ಏನು ಬೇಕಾದರೂ ಸಿಗುತ್ತದೆ ಅನ್ನುತ್ತಾರೆ. ಜೀವಂತ ಸಿಗಡಿ ಮಾತ್ರ ನನಗೆ ಸಿಗಲಿಲ್ಲ. ಮಾರ್ಕೆಟಿನಲ್ಲಿ ರಾಶಿ ರಾಶಿ ಇದೆ, ಎಲ್ಲವೂ ಐಸಿನ ಮೇಲೆ ಮಲಗಿದ್ದು. ಸಾರಿಗೆ ಆದೀತು, ಗಾಳಕ್ಕಲ್ಲ. ಅದರಲ್ಲೂ ಖಾಡಿಯ ಜಿತಾಡಾ ಎಂಬ ದೊಡ್ಡ ಮೀನಿಗೆ ಓಡಾಡುವ ಬೇಟೆಯೇ ಬೇಕು. ಸತ್ತದ್ದನ್ನು ಪೋಣಿಸಿ ಕೂತರೆ ಏಡಿಗಳಿಗೆ ಊಟ ಹಾಕಿದ ಹಾಗೆ.

ನಮ್ಮದು ಗಂಗೊಳ್ಳಿ ಕಡೆ. ಐದು ಹೊಳೆ ಸೇರುವ ಅಳಿವೆಯ ದಂಡೆಯಲ್ಲಿ ಬೆಳೆದವನಿಗೆ ಚಟ್ಲಿ ಎಲ್ಲಿದೆ ಎಂದು ಯಾರೂ ತೋರಿಸಬೇಕಾಗಿರಲಿಲ್ಲ. ಆದರೆ ಮನೋರಿ ಖಾಡಿಯ ಬದಿಗೆ ಮೊದಲ ಸಲ ಹೋದಾಗ ಅಲ್ಲಿ ನೀರೇ ಇಲ್ಲ, ಕಣ್ಣು ಹಾಯಿಸಿದಷ್ಟೂ ಕೆಸರು! ನಮ್ಮಲ್ಲಿ ಉಬ್ಬರ-ಇಳಿತದ ಅಂತರ ಹೆಚ್ಚೆಂದರೆ 1.5 ಮೀಟರಿನ ಆಸುಪಾಸು. ಇಲ್ಲಿ ಹುಣ್ಣಿಮೆ, ಅಮಾವಾಸ್ಯೆಗೆ 4 ಮೀಟರ್ ದಾಟುತ್ತದೆ. ಊರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಲೆಕ್ಕ ಕಲಿಸಿದವರು ಒಬ್ಬ ಕೋಳಿ ಅಜ್ಜ. (ಫೋನಿನಲ್ಲಿ ಅಮ್ಮನಿಗೆ ಹೀಗೆಂದಾಗ "ಅವ್ರು ಕೋಳಿ ಸಾಕ್ತ್ರಾ?" ಅಂತ ಕೇಳಿದ್ದರು. ಇಲ್ಲಿನ ಮೀನುಗಾರರ ಜಾತಿಯ ಹೆಸರದು.) ತಿಥಿಯನ್ನು ಮೂರರಿಂದ ಗುಣಿಸಿ ನಾಲ್ಕರಿಂದ ಭಾಗಿಸಿದರೆ ಪೂರ್ತಿ ಉಬ್ಬರದ ಗಂಟೆ. ಚೌತಿಗೆ 3, ಅಷ್ಟಮಿಗೆ 6. ಅಲ್ಲಿಂದ ಸುಮಾರು ಆರು ಗಂಟೆಗೆ ಇಳಿತ. ಹಗಲಿಗೂ ರಾತ್ರಿಗೂ ಅದೇ, ಸ್ವಲ್ಪ ಆಚೀಚೆ. ಮೊಬೈಲಿನಲ್ಲೂ ಸಮಯ ಸಿಗುತ್ತದೆ ನಿಜ, ಆದರೂ ನಾನೀಗ ಮೊದಲು ನೋಡುವುದು ಗೋಡೆಯ ಕ್ಯಾಲೆಂಡರನ್ನೇ.

ಸಿಗಡಿ ಹಿಡಿಯಲು ರಾತ್ರಿಯೇ ವಾಸಿ. ನೀರು ಇಳಿದಾಗ ಕಾಂಡ್ಲಾ ಬೇರುಗಳ ಸಂದಿಯ ಹೊಂಡಗಳಿಗೆ ಟಾರ್ಚ್ ಬಿಟ್ಟರೆ ಕೆಂಪು ಕಿಡಿಗಳ ಹಾಗೆ ಕಣ್ಣುಗಳು ಹೊಳೆಯುತ್ತವೆ. ಬಲೆಯನ್ನು ಎದುರಿಗೆ ಹಿಡಿಯಬಾರದು. ಸಿಗಡಿ ಹೆದರಿದರೆ ಹಿಂದಕ್ಕೆ ಚಿಮ್ಮುತ್ತದೆ; ಬಾಲದ ಹಿಂದೆ ಕೈಬಲೆ ಇಟ್ಟು ಮುಂದಿನಿಂದ ಕಡ್ಡಿ ತಾಗಿಸಿದರೆ ತಾನೇ ಬಂದು ಬೀಳುತ್ತದೆ. ಬಕೆಟಿಗೆ ಖಾಡಿಯದ್ದೇ ನೀರು, ಮೇಲೆ ಒದ್ದೆ ಗೋಣಿ. ಅಕ್ವೇರಿಯಮ್ಮಿನ ಬ್ಯಾಟರಿ ಪಂಪ್ ಇದ್ದರೆ ಬೆಳಗಿನ ತನಕ ಜೀವ ಹಿಡಿದಿರುತ್ತವೆ. ಗಾಳ ಚುಚ್ಚುವುದು ತಲೆಯ ಕೊಂಬಿನ ಬುಡಕ್ಕೆ. ಒಳಗೆ ಕಾಣುವ ಕಪ್ಪು ಚುಕ್ಕೆಗೆ ತಾಗಿತೋ, ಸತ್ತಿತೆಂದೇ ಲೆಕ್ಕ.

ಇದನ್ನೆಲ್ಲ ಹೇಳಿದ ಅಜ್ಜ ಸಿಗಡಿ ಎಲ್ಲಿದೆ ಎಂದು ಮಾತ್ರ ಹೇಳಲಿಲ್ಲ. ಅದೂ ಸರಿಯೇ. ಕಾಂಡ್ಲಾ ಬುಡದಲ್ಲಿ ಬೆಳೆದ ಮರಿಗಳೇ ಸಮುದ್ರಕ್ಕೆ ಇಳಿದು ಅವರ ಮನೆಯವರ ಬಲೆಗೆ ಬೀಳಬೇಕು. ಹೊರಗಿನಿಂದ ಬಂದವನ ಭಾನುವಾರದ ಹುಚ್ಚಿಗೆ ಅವರ ಬರುವ ವರ್ಷದ ಮೀನನ್ನು ಯಾಕೆ ಕೊಡಬೇಕು? ಎರಡು ತಿಂಗಳು ಕೆಸರು ತುಳಿದು ನಾನೇ ಒಂದು ಹೊಂಡ ಹುಡುಕಿದೆ. ಹಿಡಿಯುವ ಮೊದಲು ಅಜ್ಜನನ್ನು ಕೇಳಿದೆ. ಬಹಳ ಹೊತ್ತು ಬೀಡಿ ಎಳೆದು, "ಇಪ್ಪತ್ತು ತಗೋ ಅಣ್ಣಾ, ಇಪ್ಪತ್ತೊಂದನೆಯದು ಬೇಡ" ಅಂದರು. ಅವತ್ತಿನಿಂದ ನಾನು ಎಣಿಸಿಯೇ ಬಕೆಟಿಗೆ ಹಾಕುವುದು.

ಜಿತಾಡಾ ಈವರೆಗೆ ಎರಡು ಸಿಕ್ಕಿವೆ. ಮೊದಲನೆಯದರ ತಲೆಭಾಗ ಅಜ್ಜನ ಮನೆಗೆ ಹೋಯಿತು. ಮೊನ್ನೆ ಬೈಂದೂರಿನ ಗೆಳೆಯನೊಬ್ಬ ಹೊಸ ಗಾಳದ ಕೋಲು ಕೊಂಡು ಬಂದು, ಎರೆ ಎಲ್ಲಿ ಸಿಗುತ್ತದೆ ಮಾರಾಯ ಅಂದ. ತಿಥಿಯ ಲೆಕ್ಕ ಹೇಳಿಕೊಟ್ಟೆ.