ಮನೆಯ ಜಪಸರಕ್ಕೂ ಕ್ಯಾಲೆಂಡರಿನಲ್ಲಿ ಜಾಗವಿರಲಿ



ನಮ್ಮ ಕೆಲಮಂಗಲದ ಸುತ್ತಮುತ್ತಲಿನಿಂದ ಹೊಸೂರಿನ ಕಾರ್ಖಾನೆಗಳಿಗೂ ಬೆಂಗಳೂರಿನ ಕಚೇರಿಗಳಿಗೂ ಹೋಗುವವರು ಅನೇಕರು. ಕೆಲವರಿಗೆ ಕೆಲಸದ ಮೇಲೆ ಹೊರದೇಶಕ್ಕೂ ಹೋಗಬೇಕಾಗುತ್ತದೆ. ನಾನೂ ಅವರಲ್ಲಿ ಒಬ್ಬ. ನಾನು ಹೆಚ್ಚಾಗಿ ಹೋಗುವುದು ಜರ್ಮನಿಗೆ. ಅಲ್ಲಿನ ಸಮಯವನ್ನೂ ಇಲ್ಲಿನ ಸಮಯವನ್ನೂ ಹೊಂದಿಸಿಕೊಳ್ಳುವ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ನಮ್ಮ ದೇಶಕ್ಕೆಲ್ಲ ಒಂದೇ ಸಮಯ, ವರ್ಷವಿಡೀ ಅದು ಬದಲಾಗುವುದಿಲ್ಲ. ಯೂರೋಪಿನಲ್ಲಿ ಹಾಗಲ್ಲ. ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ, ಅಕ್ಟೋಬರಿನ ಕೊನೆಯ ಭಾನುವಾರ ಹಿಂದಕ್ಕೆ. ಹಾಗಾಗಿ ಜರ್ಮನಿ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ರೋಮಿಗೂ ಇದೇ ಲೆಕ್ಕ. ಭಾನುವಾರ ಮಧ್ಯಾಹ್ನ 12ಕ್ಕೆ ಜಗದ್ಗುರುಗಳು ನಡೆಸುವ ತ್ರಿಕಾಲ ಪ್ರಾರ್ಥನೆಯನ್ನು ಫೋನಿನಲ್ಲಿ ನೋಡುವವರಿಗೆ ಅದು ಬೇಸಿಗೆಯಲ್ಲಿ 3.30ಕ್ಕೆ ಬರುತ್ತದೆ, ಚಳಿಗಾಲದಲ್ಲಿ 4.30ಕ್ಕೆ.

ನಮ್ಮ ತಂಡದ ಮೀಟಿಂಗ್ ಪ್ರತಿ ಬುಧವಾರ ಜರ್ಮನಿಯ ಮಧ್ಯಾಹ್ನ 3 ಗಂಟೆಗೆ ಇತ್ತು. ಬೇಸಿಗೆಯಲ್ಲಿ ಅದು ನಮ್ಮ 6.30. ಮುಗಿಸಿ ಎದ್ದರೆ 7.30ರ ಮನೆಯ ಜಪಸರಕ್ಕೆ ಸರಿಹೋಗುತ್ತಿತ್ತು. ಪ್ರಯಾಣದಲ್ಲಿದ್ದರೂ ಅಮ್ಮ ಫೋನನ್ನು ಮೇಣದಬತ್ತಿಯ ಪಕ್ಕದಲ್ಲಿಟ್ಟು ನನ್ನನ್ನು ಸೇರಿಸಿಕೊಳ್ಳುತ್ತಾರೆ. 2025ರಲ್ಲಿ ಅಲ್ಲಿನ ಗಡಿಯಾರ ಹಿಂದಕ್ಕೆ ಸರಿಯುವುದು ಅಕ್ಟೋಬರ್ 26ರಂದು ಎಂದು ಮೊದಲೇ ಗೊತ್ತಿತ್ತು. ಅಲ್ಲಿಂದ ಮುಂದೆ ಅದೇ ಮೀಟಿಂಗ್ ನಮ್ಮ 7.30ಕ್ಕೆ! ಅದೂ ಜಪಸರದ ಮಾಸದಲ್ಲಿ. ನಾನು ಹೊಸೂರಿನಲ್ಲಿದ್ದರೂ ಜರ್ಮನಿಯಲ್ಲಿದ್ದರೂ ಎರಡೂ ಒಂದೇ ಹೊತ್ತಿಗೆ ಬೀಳುತ್ತಿದ್ದವು.

ಸೆಪ್ಟೆಂಬರಿನಲ್ಲೇ ತಂಡದವರನ್ನು ಕೇಳಿದೆ: "ಆ ಹೊತ್ತು ನಮ್ಮ ಮನೆಯಲ್ಲಿ ಪ್ರಾರ್ಥನೆ. ಮೀಟಿಂಗನ್ನು ಭಾರತದ ಸಮಯಕ್ಕೆ ಕಟ್ಟಿದರೆ ಆಗುತ್ತದೆಯೇ?" ಅವರು ಒಪ್ಪಿದರು. ಕ್ಯಾಲೆಂಡರಿನಲ್ಲಿ ಆ ಮೀಟಿಂಗಿನ ಟೈಮ್ ಝೋನನ್ನು ಕೋಲ್ಕತ್ತ ಎಂದು ಬದಲಿಸಿ, ಸಮಯವನ್ನು ಸಂಜೆ 6.30 ಎಂದು ಇಟ್ಟರೆ ಸಾಕಿತ್ತು. ಈಗ ನಮಗೆ ವರ್ಷವಿಡೀ 6.30. ಚಳಿಗಾಲದಲ್ಲಿ ಅವರಿಗೆ 2 ಗಂಟೆ.

ಪ್ರತಿ ವಾರ ಬರುವ ಮೀಟಿಂಗ್ ಯಾವುದೋ ಒಂದು ಊರಿನ ಗಡಿಯಾರಕ್ಕೆ ಕಟ್ಟಿರುತ್ತದೆ. ಗಡಿಯಾರ ಬದಲಾದಾಗ ಉಳಿದವರು ಹೊಂದಿಕೊಳ್ಳಬೇಕು. ಯಾವ ಊರಿಗೆ ಕಟ್ಟಿದೆ ಎಂದು ನೋಡಿ, ಕಷ್ಟವಾದರೆ ಕೇಳಿ. ಪ್ರಾರ್ಥನೆ ಇದೆ ಎಂದು ಹೇಳಲು ನಾಚಿಕೆ ಬೇಡ.

ಇನ್ನೆರಡು ಮಾತು. ಜರ್ಮನಿಯ ಬೆಳಿಗ್ಗೆ 10ರ ಭೇಟಿಯನ್ನು ಇಲ್ಲಿಂದಲೇ ಬರೆದಿಡುವಾಗ ಆ ಊರಿನ ಟೈಮ್ ಝೋನ್ ಆರಿಸಿ. ಇಲ್ಲದಿದ್ದರೆ ಬೇಸಿಗೆಯಲ್ಲಿ ಅಲ್ಲಿ ಇಳಿದಾಗ ಫೋನು 6.30 ಎಂದು ತೋರಿಸುತ್ತದೆ. ವಿಮಾನದ ಟಿಕೆಟಿನಲ್ಲಿರುವುದು ಮಾತ್ರ ಆಯಾ ಊರಿನ ಸಮಯ. ಅದನ್ನೂ ಹಾಗೆಯೇ ಆಯಾ ಊರಿನ ಝೋನಿನಲ್ಲೇ ಬರೆದುಕೊಳ್ಳಿ.

2026ರಲ್ಲಿ ಮಾರ್ಚಿನ ಕೊನೆಯ ಭಾನುವಾರ 29ನೇ ತಾರೀಖು, ಅದೇ ಗರಿಗಳ ಭಾನುವಾರ. ಆ ರಾತ್ರಿ ಯೂರೋಪಿನಲ್ಲಿ ಇರುವವರಿಗೆ ನಿದ್ದೆಯಲ್ಲಿ ಒಂದು ಗಂಟೆ ಕಡಿಮೆ. ಫೋನು ತಾನೇ ಸರಿಮಾಡಿಕೊಳ್ಳುತ್ತದೆ, ಕೈಗಡಿಯಾರವನ್ನು ನೀವೇ ತಿರುಗಿಸಬೇಕು. ಮಲಗುವ ಮುನ್ನ ತಿರುಗಿಸಿಡಿ, ಬೆಳಗಿನ ಬಲಿಪೂಜೆ ತಪ್ಪುವುದಿಲ್ಲ.

ಕೆಲಸಕ್ಕೆ ಸಮಯ ಕೊಡೋಣ, ಚೆನ್ನಾಗಿಯೇ ಕೊಡೋಣ. ಆದರೆ ಮನೆಯವರು ಮೊಣಕಾಲೂರಿ ನಮಗಾಗಿ ಕಾಯುವ ಆ ಅರ್ಧ ಗಂಟೆಯನ್ನು ಕ್ಯಾಲೆಂಡರಿನಲ್ಲಿ ಮೊದಲು ಬರೆದಿಡೋಣ. ದೂರದಲ್ಲಿರುವ ನಮ್ಮ ಯುವಜನರನ್ನೆಲ್ಲ ಮಾತೆ ಮರಿಯಮ್ಮನವರು ಕಾಪಾಡಲಿ.