ರೊಟ್ಟಿ ಮನಿಗೆ ಮಾತಿನ ಡಬ್ಬಿ

ಧಾರವಾಡದಾಗ ನಮ್ಮ ತಂಗಿ ರೊಟ್ಟಿ ಕೇಂದ್ರ ನಡಸ್ತಾಳ ಅನ್ನೋದು ನಿಮಗೆಲ್ಲಾ ಗೊತ್ತೇ ಅದ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಹಬ್ಬ ಬಂದ್ರ ಶೇಂಗಾ ಹೋಳಿಗಿ. ಹನ್ನೊಂದು ಮಂದಿ ಹೆಣ್ಣಮಕ್ಕಳು ಅಲ್ಲೆ ದುಡೀತಾರ, ಬಡದ ರೊಟ್ಟಿ ಲೆಕ್ಕದ ಮ್ಯಾಲೆ ಪಗಾರ. ಅಲ್ಲಿಯ ದೊಡ್ಡ ತ್ರಾಸು ಒಲಿದಲ್ಲ, ಹಿಟ್ಟಿಂದಲ್ಲ, ಫೋನಿಂದು. ಎಲ್ಲಾರ ಕೈ ಹಿಟ್ಟಿನ್ಯಾಗ ಇರ್ತಾವ, ಫೋನು ಒಂದs ಸವನ ಬಡಕೋತದ, ಎತ್ತೋರು ಯಾರು? ಹೋದ ಲಗ್ನಸರಾಯಿಯೊಳಗ ಒಂದು ಮದವಿ ಮನಿಯವರು ಎರಡು ಸಾವಿರ ರೊಟ್ಟಿ ಹೇಳಬೇಕಂತ ಮೂರು ಸಲ ಫೋನ್ ಮಾಡಿ, ಕಡೀಕ ಬ್ಯಾರೆ ಕಡೆ ಹೇಳಿಬಿಟ್ರು. ಹನ್ನೊಂದು ಮನಿಯ ಒಂದು ವಾರದ ಹಾಲು, ಕಾಯಿಪಲ್ಯಾ ಹೋತು ಅಂತ ತಿಳೀರಿ.

ವಾಟ್ಸಾಪ್ ಹಾಕಿದ್ರ ಆತಲ್ಲ ಅಂತ ನೀವು ಅಂತೀರಿ. ಹಾಕ್ಯಾರ. ಆದ್ರ ಅದು ತಂಗಿ ಮೊಬೈಲಿನ್ಯಾಗ ಬರ್ತದ, ಆಕಿ ಜ್ವಾಳ ತರಲಿಕ್ಕೆ ಎಪಿಎಂಸಿಗೆ ಹೋದ್ರ ಮೊಬೈಲು ಆಕಿ ಕೂಡನs ಹೋಗ್ತದ. ಇನ್ನೊಂದು ಮಾತು, ಅಲ್ಲಿ ರೊಟ್ಟಿ ಎಣಿಸಿ ಕಟ್ಟೋ ಹಿರೇಳಿಗೆ ಓದಲಿಕ್ಕೆ ಬರಂಗಿಲ್ಲ. ಕೇಳಿ, ಇದ್ದಲಿಲೆ ಗ್ವಾಡಿ ಮ್ಯಾಲೆ ಗೆರಿ ಎಳದು ಲೆಕ್ಕ ಇಡ್ತಾಳ. ಆ ಗೆರಿ ಒಂದು ದಿನ ಸುದ್ದಾ ತಪ್ಪಿಲ್ಲ. ಒಂದೇ ನಂಬರಿಗೆ ಬಂದ ಮಾತು ಕೂಡಿ ಇಡಬೇಕು, ಯಾರಿಗೆ ಕೈ ಖಾಲಿ ಆಗ್ತದೋ ಅವರು ಕೇಳಬೇಕು. ಅದಕ್ಕ ವಾಯ್ಸ್‌ಮೇಲ್, ನಮ್ಮ ಮಂದಿ ಬಾಯಾಗ ಮಾತಿನ ಡಬ್ಬಿ. ತಂಗಿ ಮಗ ಹುಬ್ಬಳ್ಳ್ಯಾಗ ಕಂಪ್ಯೂಟರ್ ಕೆಲಸ ಮಾಡ್ತಾನ, ಅವನs ಮುಂದ ನಿಂತು ಎಲ್ಲಾ ಯೋಜನಾ ಹಾಕಿದಾ. ಲೆಕ್ಕ ಬರ್ಕೊಳ್ಳೋ ಕೆಲಸ ನನ್ನ ಪಾಲಿಗೆ ಬಂತು.

ಇಂಟರ್ನೆಟ್ಟಿನವರನ್ನ ಕೇಳಿದ್ರ ಅವರು ಒಂದೇ ಮಾತು ಹೇಳ್ತಾರ, 100 ಎಂಬಿಪಿಎಸ್ ತೊಗೊಳ್ರಿ, ಎಲ್ಲಾ ಸರಿ ಹೋಗ್ತದ ಅಂತ. ಆದ್ರ ಮೊದಲು ಕೇಳಬೇಕಾದ್ದು ಸ್ಪೀಡ್ ಅಲ್ಲ. ಒಂದೇ ಹೊತ್ತಿಗೆ ಎಷ್ಟು ಮಂದಿ ಫೋನ್ ಮಾಡ್ತಾರ ಅನ್ನೋದು. ಒಂದು ವಾರ ಕ್ಯಾಲೆಂಡರ್ ಹಿಂದ ಬರದಿಟ್ವಿ, ಮಿಸ್ಡ್ ಕಾಲ್ ಸುದ್ದಾ ಹಿಡದು. ಎಲ್ಲಾಕ್ಕಿಂತ ಗದ್ದಲ ಮುಂಜಾನೆ ಹತ್ತರಿಂದ ಹನ್ನೊಂದು, ಆ ತಾಸಿನ್ಯಾಗ 18 ಕರೆ. ಒಂದೊಂದು ಮೂರು ಮಿನಿಟ ಹಿಡದ್ರ 54 ಮಿನಿಟ. ತಂಗಿ ಅಂದ್ಲು, ತಾಸಿಗೆ ಅರವತ್ತು ಮಿನಿಟ ಅವ, ಒಂದು ಲೈನ್ ಸಾಕಲ್ಲ?

ಸಾಕಾಗಂಗಿಲ್ಲ. ಮಂದಿ ರೇಷನ್ ಅಂಗಡಿ ಸಾಲಿನಂಗ ಒಬ್ಬರಾದ ಮ್ಯಾಲೆ ಒಬ್ಬರು ಫೋನ್ ಮಾಡಂಗಿಲ್ಲ, ಮೂರು ಮಂದಿ ಒಮ್ಮೆಗೇ ಮಾಡ್ತಾರ, ಆಮ್ಯಾಲೆ ಹತ್ತು ಮಿನಿಟ ಒಬ್ಬರೂ ಇಲ್ಲ. ಇದರ ಲೆಕ್ಕಾ ಎರ್ಲಾಂಗ್ ಅನ್ನೋ ಡೆನ್ಮಾರ್ಕಿನ ಗಣಿತದವ ಹಾಕಿಟ್ಟಾನ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯೊಳಗ ನೌಕರಿ ಮಾಡ್ಕೋತ 1909ರಾಗ ಮೊದಲ ಲೇಖನ ಬರದಾ, 1917ರಾಗ ಸೂತ್ರ ಕೊಟ್ಟಾ. ಅದರ ಪ್ರಕಾರ ನಮ್ಮ 54 ಮಿನಿಟಿಗೆ ಒಂದೇ ಲೈನ್ ಇದ್ರ ನೂರಕ್ಕ 47 ಮಂದಿಗೆ ಎಂಗೇಜ್ ಹತ್ತತದ. ಎರಡು ಇದ್ರ ಹದಿನೇಳು ಹದಿನೆಂಟು, ಮೂರು ಇದ್ರ ಐದು, ನಾಕು ಇದ್ರ ಒಂದು. ಲಗ್ನಸರಾಯಿಯೊಳಗ ಕರೆ ಎರಡು ಪಟ್ಟು ಆದ್ರ ಲೈನೂ ಎರಡು ಪಟ್ಟು ಬೇಕೇನು ಅಂದ್ರ, ಬ್ಯಾಡ, ಆರು ಸಾಕು. ನನಗಂತೂ ಇದು ಭಾಳ ಸೇರ್ತು. ಮನಿಗೆ ಮಂದಿ ಎರಡು ಪಟ್ಟು ಬಂದ್ರ ಸಾರು ಎರಡು ಪಟ್ಟು ಮಾಡಬೇಕಾಗ್ತದ, ಒಲಿ ಎರಡು ಪಟ್ಟು ಬೇಕಾಗಂಗಿಲ್ಲ, ಹಂಗ. ನಾಕು ಚಾನಲ್ ಅಂತ ಠರಾಯಿಸಿದ್ವಿ, ಸೀಸನ್ನಿಗೆ ಇನ್ನೆರಡು.

ಆಮ್ಯಾಲೆ ಜಗಳ ಬಂತು, ಡಬ್ಬಿ ಎಲ್ಲೆ ಇಡೋದು ಅಂತ. ತಂಗಿ ಮಗ, ಅಟ್ಟದ ಮ್ಯಾಲಿನ ಹಳೇ ಕಂಪ್ಯೂಟರಿಗೆ ಆಸ್ಟರಿಸ್ಕ್ ಹಾಕ್ತೀನಿ, ರೊಕ್ಕ ಇಲ್ಲದ ಸಾಫ್ಟ್‌ವೇರು, 1999ರಾಗ ಮಾರ್ಕ್ ಸ್ಪೆನ್ಸರ್ ಅನ್ನೋ ಹುಡುಗ ಬರದದ್ದು, ಜಗತ್ತೆಲ್ಲಾ ಉಪಯೋಗ ಮಾಡ್ತದ ಅಂದಾ. ಖರೇ ಅದ. ಆದ್ರ ನಮ್ಮ ಓಣ್ಯಾಗ ಕೇಬಲ್ ಕಡದ್ರ, ಇಲ್ಲಾ ಕರೆಂಟ್ ಹೋದ್ರ, ಮನ್ಯಾಗಿನ ಡಬ್ಬಿಗೆ ಮಾತು ಮುಟ್ಟೋದು ಹೆಂಗ? ಕೀಲಿ ಹಾಕಿದ ಮನಿ ಒಳಗ ಪೋಸ್ಟ್ ಡಬ್ಬಿ ಇಟ್ಟಂಗ ಆಗ್ತದ. ಫೋನ್ ಸೇವಾ ಕೊಡೋರ ಕಡೇನ ಮಾತು ಹಿಡದಿಡೋ ವ್ಯವಸ್ಥಾ ತೊಗೊಂಡ್ರ, ನಮ್ಮ ಲೈನ್ ಸತ್ತಾಗೂ ಫೋನ್ ಮಾಡಿದವರ ಮಾತು ಅಲ್ಲೆ ಉಳೀತದ, ಲೈನ್ ಬಂದ ಮ್ಯಾಲೆ ನಾವು ಕೇಳ್ತೀವಿ. ತಿಂಗಳಾ ಬಾಡಗಿ ಕೊಡಬೇಕು ಅನ್ನೋದೊಂದು, ಬಾಡಗಿ ತಪ್ಪಿದ್ರ ಮಾತೂ ಹೋಗ್ತದ ಅನ್ನೋದೊಂದು. ಕಡೀಕ ಎರಡೂ ಮಾಡೋದು ಅಂತಾತು. ಮಾತು ಅವರ ಕಡೆ ಹಿಡೀತದ, ದಿನಾ ರಾತ್ರಿ ಅದರ ಒಂದು ಪ್ರತಿ ಮನಿಗೆ ಬಂದು ಬೀಳ್ತದ. ಜಾಗಾ ಎಷ್ಟು ಬೇಕು ಅಂದ್ರ ನಗು ಬರ್ತದ. ಫೋನಿನ ಮಾಮೂಲಿ ದನಿಗೆ ಒಂದು ಮಿನಿಟಿಗೆ 480 ಕಿಲೋಬೈಟ್. ದಿನಕ್ಕ 40 ಮಾತು, ಒಂದೊಂದು ಮಿನಿಟ ಹಿಡದ್ರೂ ವರ್ಷಕ್ಕ 7 ಜಿಬಿ ಸುಮಾರು. ಮಕ್ಕಳ ಆಟದ ವಿಡಿಯೋ ಇದಕ್ಕಿಂತ ಹೆಚ್ಚು ಜಾಗಾ ತಿಂದಾವ.

ದನಿ ಹಿಂಡಿ ಸಣ್ಣ ಮಾಡೋ ಪದ್ಧತೀನೂ ಅದ, ಜಿ.729 ಅಂತ. ಮಾಮೂಲಿ ಜಿ.711ಕ್ಕ ಸೆಕೆಂಡಿಗೆ 64 ಕಿಲೋಬಿಟ್ ಬೇಕಾದ್ರ ಇದಕ್ಕ ಬರೇ 8. ಲಾಭ ಕಾಣ್ತದ, ಆದ್ರ ಮಾತು ಹೋಗೋದು ಪಾಕೀಟಿನ್ಯಾಗ, ಸೆಕೆಂಡಿಗೆ 50 ಪಾಕೀಟು. ಒಂದೊಂದು ಪಾಕೀಟಿನ ಮ್ಯಾಲೂ 58 ಬೈಟ್ ವಿಳಾಸ, ಸುತ್ತಿದ ಕಾಗದ. ಒಳಗಿನ ಮಾತು ಜಿ.711ರಾಗ 160 ಬೈಟ್, ಜಿ.729ರಾಗ ಇಪ್ಪತ್ತೇ. ರೊಟ್ಟಿಗಿಂತ ಪಾಕೀಟಿನ ತೂಕಾನs ಹೆಚ್ಚು. ಒಟ್ಟು ಹಿಡದ್ರ 87ರ ಜಾಗಾದಾಗ 31 ಆಗ್ತದ, 8 ಅಲ್ಲ.

ಇಲ್ಲಿ ನಾನು ಹಟಾ ಹಿಡದೆ, ಹಿಂಡಿದ ದನಿ ಬ್ಯಾಡ ಅಂತ. ನೇರ ಮಾತಾಡೋವಾಗ ಒಂದು ಶಬ್ದ ತಪ್ಪಿದ್ರ ಏನಂದ್ರಿ ಅಂತ ಮತ್ತ ಕೇಳಬಹುದು. ಡಬ್ಬಿಯೊಳಗಿನ ಮಾತಿಗೆ ಕೇಳಲಿಕ್ಕೆ ಬರಂಗಿಲ್ಲ. ಇಪ್ಪತ್ತಕ್ಕೂ ಎಪ್ಪತ್ತಕ್ಕೂ ಎಷ್ಟು ಅಂತರ ಹೇಳ್ರಿ? ಮೊದಲ ಅಕ್ಷರ ಮಸಕಾದ್ರ ಐವತ್ತು ರೊಟ್ಟಿ ಹೆಚ್ಚು ಬಡದು ಕೂಡಬೇಕು, ಇಲ್ಲಾ ಐವತ್ತು ಕಡಿಮಿ ಕೊಟ್ಟು ಮಾನ ಕಳಕೋಬೇಕು. ನಾಕು ಮಾತು ಒಮ್ಮೆಗೇ ನಡದ್ರೂ ಒಂದು ಕಡೆ 350 ಕಿಲೋಬಿಟ್ ಸುದ್ದಾ ದಾಟಂಗಿಲ್ಲ. 100 ಎಂಬಿಪಿಎಸ್ಸಿನ ಮುಂದ ಅದು ಚೂರು.

ಹಂಗಾದ್ರ ದನಿ ಕಡಕಡದು ಯಾಕ ಬರ್ತದ? ತಂಗಿ ಗಂಡ ಕಳ್ಳರ ಅಂಜಿಕಿಗೆ ಎರಡು ಕ್ಯಾಮೆರಾ ಹಾಕ್ಸ್ಯಾರ, ಅವು ಹಗಲೂ ರಾತ್ರಿ ಚಿತ್ರ ಮ್ಯಾಲೆ ಕಳಸ್ತಾವ. ಮಾತಿನ ಪಾಕೀಟು ಅವುಗಳ ಹಿಂದ ಪಾಳಿ ಹಚ್ಚಿ ನಿಲ್ತದ. ಚಿತ್ರ ತಡಾ ಆದ್ರ ನಡೀತದ, ಮಾತು ತಡಾ ಆದ್ರ ಉಪಯೋಗಿಲ್ಲ. ಪಂಕ್ತಿಯೊಳಗ ಅನ್ನ ಉಂಡು ಎದ್ದ ಮ್ಯಾಲೆ ಸಾರು ಬಂದಂಗ. ಒಂದು ಕಡೆಯಿಂದ ಇನ್ನೊಂದು ಕಡೆ ಮಾತು ಮುಟ್ಟಲಿಕ್ಕೆ 150 ಮಿಲಿಸೆಕೆಂಡ್ ದಾಟಬಾರದು ಅಂತ ಅಂತಾರಾಷ್ಟ್ರೀಯ ದೂರಸಂಪರ್ಕ ಸಂಸ್ಥಾ, ಐಟಿಯು, ಹೇಳೇದ. ಅದಕ್ಕ ರೌಟರಿನ್ಯಾಗ ಮಾತಿನ ಪಾಕೀಟಿಗೆ ಗುರುತು ಹಾಕಿ, ಇವು ಬಂದ್ರ ಮೊದಲು ಬಿಡು ಅಂತ ಹೇಳಿಡಬೇಕು. ಅದು ನಮ್ಮ ಮನಿಯಿಂದ ಹೊರಗ ಹೋಗೋದಕ್ಕಷ್ಟೇ ನಡೀತದ, ಹೊರಗಿನ ದಾರಿ ನಮ್ಮ ಕೈಯಾಗಿಲ್ಲ. ಫೋನಿಗೊಂದು, ಕ್ಯಾಮೆರಾಕ್ಕೊಂದು, ಹುಡುಗರ ಮೊಬೈಲಿಗೊಂದು ಬ್ಯಾರೆ ಬ್ಯಾರೆ ಓಣಿ ಮಾಡಿದಾ ತಂಗಿ ಮಗ, ಒಂದೇ ವೈರಿನ್ಯಾಗ. ವಿಎಲ್ಎಎನ್ ಅಂತಾರ ಅದಕ್ಕ.

ಇನ್ನ ಹಿಟ್ಟಿನ ಧೂಳು. ಮೊದಲು ಎಲ್ಲಾ ಸಾಮಾನು ಗಿರಣಿ ಖೋಲಿಯೊಳಗ ಇಡೋದು ಅಂತಿತ್ತು, ವೈರು ಉಳೀತದ ಅಂತ. ನಾನೂ ಹಿರೇಳೂ ಕೂಡಿ ಬ್ಯಾಡ ಅಂದ್ವಿ. ಫ್ಯಾನ್ ಇದ್ದ ಡಬ್ಬಿ ಹಿಟ್ಟು ಎಳಕೊಂಡು ಒಳಗ ಕುಂಡ್ರಿಸಿಕೋತದ, ಆಮ್ಯಾಲೆ ಕಾಯ್ದು ಸಾಯ್ತದ. ಫ್ಯಾನ್ ಇಲ್ಲದ ಸ್ವಿಚ್ಚು ತೊಗೊಂಡು ದೇವರ ಮನಿ ಹೊರಗಿನ ಕಪಾಟಿನ್ಯಾಗ ಇಟ್ಟದ್ದಾತು. ವೈರು ನೂರು ಮೀಟರ್ ತನಕಾ ನಡೀತದ, ನಮಗ ಹತ್ತಿದ್ದು ಮೂವತ್ತು. ಗಿರಣಿ ಮೋಟರಿನ ಕರೆಂಟ್ ವೈರಿಗೆ ಹಚ್ಚಿ ಮಾತ್ರ ಎಳೀಬಾರದು, ದೂರ ಇರಬೇಕು.

ಕರೆಂಟಿನ ಮಾತು ಎಲ್ಲಾರೂ ಕಡೀಕ ನೆನಸ್ತಾರ. ಹಳೇ ಲ್ಯಾಂಡ್‌ಲೈನಿಗೆ ತಾಮ್ರದ ತಂತ್ಯಾಗ ಎಕ್ಸ್‌ಚೇಂಜಿನಿಂದನs ಕರೆಂಟ್ ಬರ್ತಿತ್ತು, ಮನ್ಯಾಗ ಕತ್ತಲಿದ್ರೂ ಫೋನು ಮಾತಾಡ್ತಿತ್ತು. ಈಗಿನ ಫೈಬರಿನ್ಯಾಗ ಬೆಳಕು ಬರ್ತದ, ಕರೆಂಟ್ ಬರಂಗಿಲ್ಲ. ಫೈಬರ್ ಡಬ್ಬಿ, ರೌಟರ್, ಸ್ವಿಚ್ಚು, ಫೋನು, ಎಲ್ಲಾಕ್ಕೂ ನಾವs ಕೊಡಬೇಕು. ಫೋನಿಗೆ ಸ್ವಿಚ್ಚಿನಿಂದನs ಆ ನೆಟ್‌ವರ್ಕ್ ವೈರಿನ್ಯಾಗ ಕರೆಂಟ್ ಹೋಗ್ತದ, ಒಂದೊಂದಕ್ಕ ಅಡಾಪ್ಟರ್ ಬ್ಯಾಡ. ಎಲ್ಲಾ ಕೂಡಿ ಐವತ್ತು ಅರವತ್ತು ವ್ಯಾಟ್, ಮನಿ ಇನ್ವರ್ಟರಿಗೆ ಅದು ಭಾರ ಅಲ್ಲ. ಆದ್ರ ಇನ್ವರ್ಟರ್ ಹತ್ತೋ ಆ ಒಂದು ಕ್ಷಣದಾಗ ರೌಟರ್ ಆರಿ ಮತ್ತ ಹತ್ತಿದ್ರ ನಡದ ಮಾತು ಕಡೀತದ, ಅದಕ್ಕ ಸಣ್ಣದೊಂದು ಯುಪಿಎಸ್ ನಡುವ ಇಟ್ಟೇವಿ.

ಗುಪ್ತ ನಂಬರ್ 1234 ಇಡೋದು ಬ್ಯಾಡಂತ ಎಲ್ಲಾರಿಗೂ ಹೇಳೇವಿ. ಇಂಗ್ಲೆಂಡಿನ್ಯಾಗ ನ್ಯೂಸ್ ಆಫ್ ದ ವರ್ಲ್ಡ್ ಪತ್ರಿಕಾದವರು ಮಂದಿ ವಾಯ್ಸ್‌ಮೇಲ್ ಕದ್ದು ಕೇಳಿದ್ದು ಹೊರಗ ಬಂದು 2011ರಾಗ ಆ ಪತ್ರಿಕಾನs ಮುಚ್ಚಿತು. ನಮ್ಮ ರೊಟ್ಟಿ ಆರ್ಡರ್ ಯಾರು ಕದೀತಾರ ಅನಬ್ಯಾಡ್ರಿ. ಯಾರ ಮನ್ಯಾಗ ಯಾವತ್ತು ಮದವಿ, ಯಾವತ್ತು ಮನಿ ಖಾಲಿ, ಎಲ್ಲಾ ಅದರಾಗ ಇರ್ತದ.

ಫೋನಿನ್ಯಾಗ ಯಾರ ದನಿ ಇರಬೇಕು? ವಾಯ್ಸ್‌ಮೇಲ್ ವ್ಯವಸ್ಥಾಕ್ಕ ಅಮೆರಿಕಾದ ಗಾರ್ಡನ್ ಮ್ಯಾಥ್ಯೂಸ್ 1979ರಾಗ ಪೇಟೆಂಟಿಗೆ ಅರ್ಜಿ ಹಾಕಿದಾ, 1983ರಾಗ ಅದು ಸಿಕ್ತು. ಅದರಾಗಿನ ಮೊದಲ ಸ್ವಾಗತದ ಮಾತು ಹೇಳಿದಾಕಿ ಅವನ ಹೆಂಡತಿ ಮೋನಿಕಾ. ನಮ್ಮಲ್ಲೆ ತಂಗಿ ಹೇಳ್ಯಾಳ, ಪುಸ್ತಕದ ಭಾಷಾದಾಗ ಅಲ್ಲ. ಒಂದು ಒತ್ತರಿ, ಎರಡು ಒತ್ತರಿ ಅನ್ನೋದು ಇಲ್ಲ. ನಿಮ್ಮ ಹೆಸರು ಹೇಳ್ರಿ, ಎಷ್ಟು ರೊಟ್ಟಿ ಅನ್ನೋದನ್ನ ಎರಡು ಸಲ ಹೇಳ್ರಿ, ಇಷ್ಟೇ.

ಖಾನಾವಳಿಯವರು ಎರಡು ದಿನದಾಗ ರೂಢಿ ಮಾಡಿಕೊಂಡ್ರು. ವಯಸ್ಸಾದ ಮಂದಿ ಮಾತ್ರ ಟೊಂಯ್ ಅಂದ ಕೂಡ್ಲೆ ಇಟ್ಟುಬಿಡ್ತಾರ. ಹಂಗ ಇಟ್ಟವರ ನಂಬರ್ ತಗದು, ಮಧ್ಯಾಹ್ನ ಒಲಿ ಆರಿಸಿದ ಮ್ಯಾಲೆ ಹಿರೇಳು ಒಬ್ಬೊಬ್ಬರಿಗೆ ತಿರಗಿ ಫೋನ್ ಮಾಡ್ತಾಳ. ನಂಬರ್ ಒತ್ತಿ ಕೊಡಲಿಕ್ಕೆ ತಂಗಿ ಮಗಳು ಪಕ್ಕದಾಗ ಕೂತಿರ್ತಾಳ.